ಈ ಸೋಡಿಯಂ ಎಲ್ಲಿಂದ ಬಂತು? ತೆಳುಪದರದ ಸೌರಕೋಶದ ಜೊತೆ ನನ್ನ ಅನುಭವ

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಉಪಕರಣ ಕೇಂದ್ರದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಪರದೆ ಮುಂದೆ ಕೂತಿದ್ದೆ. ವಿಜಯಪುರದಿಂದ ನಸುಕಿನ ಬಸ್ಸು ಹಿಡಿದು, ಎಂಟು ಸ್ಯಾಂಪಲ್‌ಗಳ ಡಬ್ಬಿಯನ್ನು ದಾರಿಯುದ್ದಕ್ಕೂ ತೊಡೆ ಮೇಲೇ ಇಟ್ಟುಕೊಂಡು ಬಂದಿದ್ದೆ. ಮೂರನೆಯದು ಪರದೆಗೆ ಬಂತು. ಅದರ ಹಿಂಬದಿಗೆ ‘ಸೋಡಿಯಂ ಇಲ್ಲ’ ಅಂತ ನಾನೇ ಬರೆದಿದ್ದೆ. ಅದರಲ್ಲಿ ರವೆಯಂಥ ಸಣ್ಣ ಕಣ ಕಾಣಬೇಕಿತ್ತು. ಕಂಡದ್ದು ಒಂದೊಂದು ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು) ಅಗಲದ, ಅಂಚು ಚೂಪಾದ ದಪ್ಪ ಹರಳುಗಳು, ಒಕ್ಕುವ ಕಣದಲ್ಲಿ ಜೋಳದ ಕಾಳು ಹರವಿದ ಹಾಗೆ.

“ಚಲೋ ಬಂದಾವಲ್ರೀ ಮೇಡಂ” ಅಂದರು ಯಂತ್ರ ನಡೆಸುವವರು.

ನನಗೆ ಎದೆ ಧಸಕ್ಕೆಂದಿತು. ಚಲೋ ಬರಬಾರದಿದ್ದ ಸ್ಯಾಂಪಲ್ ಅದು. ಸೋಡಿಯಂ ಹಾಕದೆಯೇ ಹರಳು ಹೀಗೆ ಬೆಳೆದರೆ, ಸೋಡಿಯಂ ಹಾಕಿದ್ದರಿಂದ ಹರಳು ಬೆಳೆಯಿತು ಅಂತ ಆರು ತಿಂಗಳಿಂದ ಬರೆದುಕೊಂಡು ಬಂದದ್ದಕ್ಕೆ ಏನು ಅರ್ಥ?

ನಾನು ವಿಜಯಪುರದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಪಾಠ ಮುಗಿದ ಮೇಲಿನ ಹೊತ್ತಿನಲ್ಲಿ ಪಿಎಚ್‌ಡಿ ಕೆಲಸ. ವಿಷಯ ತೆಳುಪದರದ ಸೌರಕೋಶದ ವಸ್ತುಗಳಿಗೆ ಸೋಡಿಯಂ, ಪೊಟ್ಯಾಸಿಯಂನಂಥ ಕ್ಷಾರ ಲೋಹ ಸೇರಿಸಿದರೆ ಏನಾಗುತ್ತದೆ ಎನ್ನುವುದು. ಈ ಕೆಲಸಕ್ಕೆ ಹೊಸದಾಗಿ ಇಳಿಯುವ ನಮ್ಮ ಭಾಗದ ಹುಡುಗ ಹುಡುಗಿಯರಿಗೆ ಆ ಮೂರನೇ ಸ್ಯಾಂಪಲ್ಲಿನ ಕಥೆ ಗೊತ್ತಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮನೆ ಮೇಲೆ ನೋಡುವ ಸಿಲಿಕಾನ್ ಪ್ಯಾನೆಲ್‌ನಲ್ಲಿ ಬೆಳಕು ಹೀರುವ ಬಿಲ್ಲೆ ಸುಮಾರು 150 ಮೈಕ್ರಾನ್ ದಪ್ಪ ಇರುತ್ತದೆ. ತೆಳುಪದರದ ಕೋಶಕ್ಕೆ ಒಂದೆರಡು ಮೈಕ್ರಾನ್ ಸಾಕು. ಇವುಗಳಲ್ಲಿ ಹೆಸರಾದದ್ದು ತಾಮ್ರ, ಇಂಡಿಯಂ, ಗ್ಯಾಲಿಯಂ, ಸೆಲೆನಿಯಂ ಸೇರಿದ ಸಿಐಜಿಎಸ್. ಅದನ್ನು ಮಾಡುವವರು ಕಿಟಕಿಗೆ ಹಾಕುವ ಸಾದಾ ಸೋಡಾ ಗಾಜನ್ನು ತಳಕ್ಕೆ ಬಳಸುತ್ತಿದ್ದರು. ಅದು ಅಗ್ಗ, ಜೊತೆಗೆ ಕಾಯಿಸಿದಾಗ ಅದು ಹಿಗ್ಗುವ ಪ್ರಮಾಣ ಪದರದ ಹಿಗ್ಗುವಿಕೆಗೆ ಹೊಂದುತ್ತದೆ. ಬೇರೆ ಗಾಜಿನ ಮೇಲೆ ಮಾಡಿದ ಕೋಶಗಳಿಗಿಂತ ಇದರ ಮೇಲಿನವು ಯಾಕೆ ಚೆನ್ನಾಗಿ ಬರುತ್ತವೆ ಅಂತ ಹುಡುಕಿದ ಸ್ವೀಡನ್ನಿನ ತಂಡ 1993ರಲ್ಲಿ ಕಾರಣ ಮುಂದಿಟ್ಟಿತು: ಗಾಜಿನೊಳಗಿನ ಸೋಡಿಯಂ. ಸೋಡಾ ಗಾಜಿನ ತೂಕದಲ್ಲಿ ಶೇ 13ರಿಂದ 14ರಷ್ಟು ಸೋಡಿಯಂ ಆಕ್ಸೈಡ್ ಇರುತ್ತದೆ. 500 ಡಿಗ್ರಿ ದಾಟಿದಾಗ ಸೋಡಿಯಂ, ಗಾಜಿಗೂ ಅರೆವಾಹಕಕ್ಕೂ ನಡುವೆ ವಿದ್ಯುತ್ ಒಯ್ಯಲು ಇರುವ ಮೊಲಿಬ್ಡಿನಮ್ ಪದರವನ್ನೂ ಹಾಯ್ದು ಮೇಲೇರಿ ಅರೆವಾಹಕದೊಳಗೆ ಕೂರುತ್ತದೆ. ಕೂರುವುದು ಸಾವಿರ ಪರಮಾಣುವಿಗೆ ಒಂದರ ಲೆಕ್ಕದಲ್ಲಿ. ಅಷ್ಟಕ್ಕೇ ಧನ ವಿದ್ಯುತ್ ಹೊರುವ ರಂಧ್ರಗಳ (ಎಲೆಕ್ಟ್ರಾನ್ ಇಲ್ಲದ ಖಾಲಿ ಜಾಗಗಳ) ಸಂಖ್ಯೆ ಏರುತ್ತದೆ, ಹರಳುಗಳ ನಡುವಿನ ಸಂದುಗಳಲ್ಲಿ ವಿದ್ಯುತ್ ಕಳೆದುಹೋಗುವುದು ಕಡಿಮೆಯಾಗುತ್ತದೆ, ಕೋಶದ ವೋಲ್ಟೇಜ್ ಏರುತ್ತದೆ.

ಅಲ್ಲಿಂದ ಮುಂದಿನದು ಬೇಗ ಬೇಗ ನಡೆಯಿತು. ಸ್ವಿಟ್ಜರ್ಲೆಂಡಿನ ಎಂಪಾ ಸಂಸ್ಥೆಯವರು 2013ರಲ್ಲಿ ಸೋಡಿಯಂ ಹೆಸರೇ ಇಲ್ಲದ ಪಾಲಿಇಮೈಡ್ ಪ್ಲಾಸ್ಟಿಕ್ ಹಾಳೆಯ ಮೇಲೆ ಪದರ ಬೆಳೆಸಿದರು. ಅದು ಬೆಳೆದ ಮೇಲೆ ಸೋಡಿಯಂ ಫ್ಲೋರೈಡ್, ನಂತರ ಪೊಟ್ಯಾಸಿಯಂ ಫ್ಲೋರೈಡ್ ಆವಿ ಕೊಟ್ಟು ಶೇ 20.4 ದಕ್ಷತೆ ತೆಗೆದರು. ಜರ್ಮನಿಯ ಝಡ್‌ಎಸ್‌ಡಬ್ಲ್ಯೂ ಸಂಸ್ಥೆ 2016ರಲ್ಲಿ ರುಬಿಡಿಯಂ ಬಳಸಿ ಶೇ 22.6ಕ್ಕೆ, ಜಪಾನಿನ ಸೋಲಾರ್ ಫ್ರಾಂಟಿಯರ್ 2019ರಲ್ಲಿ ಸೀಸಿಯಂ ಬಳಸಿ ಶೇ 23.35ಕ್ಕೆ ಮುಟ್ಟಿದವು. 2024ರಲ್ಲಿ ಮತ್ತೆ ಸ್ವೀಡನ್ನಿನ ಉಪ್ಸಲಾದಿಂದ ಶೇ 23.64ರ ಸುದ್ದಿ ಬಂತು. ಈ ಪಟ್ಟಿ ಓದಿದವರಿಗೆ ಭಾರವಾದ ಕ್ಷಾರ ಲೋಹ ಹಾಕುತ್ತ ಹೋದರೆ ಆಯಿತು ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸಿತ್ತು.

ಇಂಡಿಯಂ ದುಬಾರಿ, ಸೆಲೆನಿಯಂ ಆವಿ ವಿಷ, ನಮ್ಮಲ್ಲಿ ನಿರ್ವಾತ ಯಂತ್ರವೂ ಇಲ್ಲ. ಹಾಗಾಗಿ ನಾನು ಹಿಡಿದದ್ದು ತಾಮ್ರ, ಸತು, ತವರ, ಗಂಧಕದ ಕೆಸ್ಟರೈಟ್. ನಾಲ್ಕೂ ಧಾರಾಳವಾಗಿ ಸಿಗುವಂಥವು. ಇದೇ ಜಾತಿಯ, ಸೆಲೆನಿಯಂ ಬೆರೆತ ಕೋಶ 2013ರಲ್ಲಿ ಐಬಿಎಂನವರ ಕೈಯಲ್ಲಿ ಶೇ 12.6 ಮುಟ್ಟಿ ಬಹಳ ವರ್ಷ ಅಲ್ಲೇ ನಿಂತಿತ್ತು, ಈಚೆಗೆ ಶೇ 14 ದಾಟಿದೆ. ಸಿಐಜಿಎಸ್‌ಗಿಂತ ಹಿಂದೆಯೇ ಇದೆ, ನಿಜ. ಆದರೆ ನಮ್ಮಂಥ ಊರಿನ ಪ್ರಯೋಗಾಲಯದಲ್ಲಿ ಇದನ್ನು ಬಾಟಲಿಯಲ್ಲೇ ಕಲಸಿ ಮಾಡಬಹುದು. ನನಗೆ ಇದರ ಮೇಲೆ ಪ್ರೀತಿ ಹುಟ್ಟಿದ್ದೇ ಅದಕ್ಕೆ.

ಕಲಸುವ ಕೆಲಸವೇ ನೋಡಲು ಚೆಂದ. ಡಿಎಂಎಸ್ಒ (ಡೈಮೀಥೈಲ್ ಸಲ್ಫಾಕ್ಸೈಡ್) ದ್ರಾವಕಕ್ಕೆ ತಾಮ್ರದ ಅಸಿಟೇಟ್ ಹಾಕಿದಾಗ ಕಡು ಹಸಿರು. ತವರದ ಕ್ಲೋರೈಡ್ ಬಿದ್ದೊಡನೆ ತವರ ತಾಮ್ರಕ್ಕೆ ಎಲೆಕ್ಟ್ರಾನ್ ಕೊಡುತ್ತದೆ, ಹಸಿರು ಬಿಳುಚುತ್ತ ಹೋಗುತ್ತದೆ. ಸತುವನ್ನೂ ಗಂಧಕ ಕೊಡುವ ಥಯೋಯೂರಿಯಾವನ್ನೂ ಸೇರಿಸಿ ಕಲಕುತ್ತ ಬಿಟ್ಟರೆ ಕೊನೆಗೆ ತಿಳಿ ಹಳದಿ, ಜೇನಿನಷ್ಟು ಪಾರದರ್ಶಕ. ಹಸಿರು ಛಾಯೆ ಉಳಿದಿದ್ದರೆ ಅವಸರ ಮಾಡಿದ್ದೇವೆ ಎಂದೇ ಲೆಕ್ಕ. ನಾನು ತಾಮ್ರವನ್ನು ತುಸು ಕಡಿಮೆ, ಸತುವನ್ನು ತುಸು ಹೆಚ್ಚು ಇಡುತ್ತೇನೆ: ಲೀಟರಿಗೆ ತಾಮ್ರ 0.8, ಸತು 0.55, ತವರ 0.45 ಮೋಲ್. ತಾಮ್ರ ಹೆಚ್ಚಾದರೆ ಕಾಪರ್ ಸಲ್ಫೈಡ್ ಬೇರೆಯಾಗಿ ಕೂತು ಪದರವನ್ನು ಲೋಹದಂತೆ ಮಾಡಿಬಿಡುತ್ತದೆ. ಡಿಎಂಎಸ್ಒ 18.5 ಡಿಗ್ರಿಗೆ ಹೆಪ್ಪುಗಟ್ಟುತ್ತದೆ. ಏಪ್ರಿಲ್‌ನಲ್ಲಿ 40 ಡಿಗ್ರಿ ಸುಡುವ ಇದೇ ಊರಿನಲ್ಲಿ ಡಿಸೆಂಬರ್ ಬೆಳಿಗ್ಗೆ ಬಾಟಲಿ ತೆಗೆದರೆ ಒಳಗೆ ಕೊಬ್ಬರಿ ಎಣ್ಣೆಯ ಹಾಗೆ ಗಟ್ಟಿ. ಬಿಸಿನೀರಿನ ಪಾತ್ರೆಯಲ್ಲಿಟ್ಟು ಪೂರ್ತಿ ಕರಗಿಸಿದ ಮೇಲೆಯೇ ಅಳೆಯಬೇಕು. ಕೈಗವಸು ಇಲ್ಲದೆ ಮುಟ್ಟಲೇಬಾರದು, ತನ್ನಲ್ಲಿ ಕರಗಿದ್ದನ್ನೂ ಎಳೆದುಕೊಂಡು ಅದು ಚರ್ಮದೊಳಕ್ಕೆ ಇಳಿಯುತ್ತದೆ.

ಗಾಜಿನ ತುಂಡನ್ನು ಗಿರಗಿರ ತಿರುಗಿಸಿ ಮೇಲೆ ಹನಿ ಬಿಡುವುದು, 300 ಡಿಗ್ರಿಯ ತಟ್ಟೆಯ ಮೇಲೆ ಎರಡು ನಿಮಿಷ ಒಣಗಿಸುವುದು, ಹೀಗೆ ಎಂಟು ಹತ್ತು ಸಲ. ಆಮೇಲೆ ಗಂಧಕದ ಪುಡಿ ಜೊತೆ ಗ್ರ್ಯಾಫೈಟ್ ಡಬ್ಬಿಯಲ್ಲಿ ಮುಚ್ಚಿ, ಕ್ವಾರ್ಟ್ಜ್ ಕೊಳವೆಯ ಕುಲುಮೆಗೆ ತಳ್ಳಿ, ಸಾರಜನಕ ಹರಿಸುತ್ತ 560 ಡಿಗ್ರಿಯಲ್ಲಿ ಅರ್ಧ ತಾಸು. ಕಪ್ಪು ಬೂದಿಯಂತಿದ್ದ ಪದರ ಹರಳಾಗುವುದು ಈ ಅರ್ಧ ತಾಸಿನಲ್ಲಿ.

ಸೋಡಿಯಂ ಏನು ಮಾಡುತ್ತದೆ ಎಂದು ತಿಳಿಯಬೇಕಾದರೆ ಸೋಡಿಯಂ ಇಲ್ಲದ ಸ್ಯಾಂಪಲ್ ಮೊದಲು ಕೈಯಲ್ಲಿರಬೇಕು. ಹೇಳಲು ಸುಲಭ. ಮೊದಲು ಲ್ಯಾಬಿನ ಬೋರೋಸಿಲಿಕೇಟ್ ಗಾಜನ್ನು ಹಿಡಿದೆ. ಅದರಲ್ಲೂ ಶೇ 4ರಷ್ಟು ಸೋಡಿಯಂ ಆಕ್ಸೈಡ್ ಇರುತ್ತದೆ ಎಂದು ಗೈಡ್ ಸರ್ ಹೇಳಿದ ಮೇಲೆ ಬಿಟ್ಟೆ. ಕ್ವಾರ್ಟ್ಜ್ ತುಂಡುಗಳನ್ನು ತರಿಸಿದೆ. ಅದರಲ್ಲಿ ಸೋಡಿಯಂ ಇಲ್ಲ ಅನ್ನಬಹುದು, ಆದರೆ ಅದು ಕಾಯಿಸಿದರೆ ಹಿಗ್ಗುವುದೇ ಇಲ್ಲ ಎಂಬಷ್ಟು ಕಡಿಮೆ ಹಿಗ್ಗುತ್ತದೆ, ಸೋಡಾ ಗಾಜಿನ ಹದಿನೈದನೇ ಒಂದು ಪಾಲು. ತಣ್ಣಗಾಗುವಾಗ ಪದರ ಕುಗ್ಗುತ್ತದೆ, ತಳ ಕುಗ್ಗುವುದಿಲ್ಲ, ಬೇಸಿಗೆಯ ಎರೆಹೊಲದ ಹಾಗೆ ಬಿರುಕು. ಈಗ ಹೇಳಿ, ಕ್ವಾರ್ಟ್ಜ್ ಮೇಲಿನ ಪದರದ ವಿದ್ಯುತ್ ರೋಧ ಹೆಚ್ಚಾದದ್ದು ಸೋಡಿಯಂ ಇಲ್ಲದ್ದಕ್ಕೋ, ಬಿರುಕಿಗೋ? ಕೊನೆಗೆ ಕಂಡುಕೊಂಡ ದಾರಿ ಇದು: ಸೋಡಾ ಗಾಜನ್ನೇ ಇಟ್ಟುಕೊಂಡು, ಅದರ ಮೇಲೆ ಸಿಲಿಕಾದ ತೆಳು ಪದರವನ್ನು ಎರಡು ಸಲ ಬಳಿದು, 500 ಡಿಗ್ರಿಯಲ್ಲಿ ಸುಟ್ಟು ತಡೆಗೋಡೆ ಮಾಡುವುದು. ಹಿಗ್ಗುವಿಕೆ ಅದೇ, ಸೋಡಿಯಂ ಮಾತ್ರ ಬಹುಪಾಲು ಕೆಳಗೇ ಉಳಿಯುತ್ತದೆ. ಪೂರ್ತಿ ನಿಲ್ಲುತ್ತದೆ ಎಂದು ನಾನು ಹೇಳುವುದಿಲ್ಲ. ಆದ್ದರಿಂದ ಪ್ರತಿ ಸರಣಿಯಲ್ಲೂ ಒಂದು ಕ್ವಾರ್ಟ್ಜ್ ತುಂಡನ್ನೂ ಇಡುತ್ತೇನೆ, ಹರಳಿನ ಗಾತ್ರ ನೋಡಲಿಕ್ಕೆ ಮಾತ್ರ.

ಧಾರವಾಡದಲ್ಲಿ ಕಂಡ ಆ ಮೂರನೇ ಸ್ಯಾಂಪಲ್ ಇಂಥ ಕ್ವಾರ್ಟ್ಜ್ ತುಂಡು. ಗಾಜಿನಿಂದ ಸೋಡಿಯಂ ಬರುವ ಮಾತೇ ಇರಲಿಲ್ಲ.

ಊರಿಗೆ ಬಂದು ಒಂದೊಂದಾಗಿ ಹುಡುಕಿದೆ. ತೊಳೆಯುವ ಸೋಪಿನ ನೀರಿನಲ್ಲಿ ಸೋಡಿಯಂ ಇದೆ. ಕೊನೆಯ ತೊಳೆತಕ್ಕೆ ನಾವು ಬಳಸುತ್ತಿದ್ದ ಕ್ಯಾನಿನ ಆರ್‌ಒ ನೀರಿನಲ್ಲೂ ತುಸು ಉಳಿದಿರುತ್ತದೆ. ಭಟ್ಟಿ ಇಳಿಸಿದ ನೀರನ್ನು ಗಾಜಿನ ಬಾಟಲಿಯಲ್ಲಿ ವಾರಗಟ್ಟಲೆ ಇಟ್ಟರೆ ಆ ಬಾಟಲಿಯಿಂದಲೂ ಇಳಿಯುತ್ತದೆ, ಪ್ಲಾಸ್ಟಿಕ್ ಬಾಟಲಿಯೇ ಮೇಲು. ಬೆವರಿದ ಬೆರಳಿನ ಗುರುತೊಂದೇ ಸಾಕು. ಎಲ್ಲವನ್ನೂ ಬದಲಿಸಿ ಮತ್ತೆ ಕುಲುಮೆಗೆ ಹಾಕಿದೆವು. ಕಾಲೇಜಿನ ಹಳೇ ಮೈಕ್ರೋಸ್ಕೋಪಿನಲ್ಲಿ ನೋಡಿದರೂ ಮೇಲ್ಮೈ ಅದೇ ಒರಟು ಹೊಳಪು. ಹರಳು ದಪ್ಪಗೇ ಬರುತ್ತಿತ್ತು.

ಲ್ಯಾಬ್ ಪುಸ್ತಕವನ್ನು ಹಿಂದಕ್ಕೆ ತಿರುವುತ್ತ ಏಪ್ರಿಲ್‌ನ ಒಂದು ಪುಟಕ್ಕೆ ಬಂದೆ. “ಕರೆಂಟ್ ಹೋಯ್ತು, 520 ಡಿಗ್ರಿಯಲ್ಲಿ. ಕೊಳವೆ ತೊಳೆಯಲಾಯಿತು.” ನನ್ನದೇ ಅಕ್ಷರ. ಆ ದಿನ ಕಣ್ಣಿಗೆ ಕಟ್ಟಿತು. ಕುಲುಮೆಯಿಂದ ಹೊರಬರುವ ಗಾಳಿಯಲ್ಲಿ ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಇರುತ್ತದೆ. ಅದನ್ನು ಹಿಡಿಯಲು ಹೊರಗಿನ ತುದಿಗೆ ಕಾಸ್ಟಿಕ್ ಸೋಡಾ ನೀರಿನ ಬಾಟಲಿ ಜೋಡಿಸಿದ್ದೆವು. ಸಿಲಿಂಡರ್ ಮುಗಿಯುತ್ತ ಬಂದಿದ್ದರಿಂದ ಸಾರಜನಕದ ಹರಿವು ತೀರ ಸಣ್ಣದಿತ್ತು. ಕರೆಂಟ್ ಹೋಗಿ ಕುಲುಮೆ ತಣಿಯತೊಡಗಿದಾಗ ಒಳಗಿನ ಗಾಳಿ ಕುಗ್ಗಿ, ಬಾಟಲಿಯ ನೀರನ್ನೇ ಕೊಳವೆಯೊಳಕ್ಕೆ ಎಳೆದುಕೊಂಡಿತು. ಅಂಗೈ ಅಗಲದಷ್ಟು ಜಾಗಕ್ಕೆ ಬಿಳಿ ಕಲೆ ಕೂತಿತ್ತು. ನಲ್ಲಿ ನೀರಿನಲ್ಲಿ ತೊಳೆದು, ಬಟ್ಟೆ ಹಾಯಿಸಿ, ಮರುದಿನವೇ ಮುಂದಿನ ಸ್ಯಾಂಪಲ್ ಇಟ್ಟಿದ್ದೆ. ಸೋಡಿಯಂ ಅಭ್ಯಾಸ ಮಾಡುವ ಕುಲುಮೆಯೊಳಗೆ ಕಾಸ್ಟಿಕ್ ಸೋಡಾ! ಗಂಧಕದ ಆವಿಯಲ್ಲಿ ಸೋಡಿಯಂ ಒಂದು ಮೇಲ್ಮೈಯಿಂದ ಇನ್ನೊಂದಕ್ಕೆ ದಾಟುತ್ತದೆ ಎಂದು ಓದಿದ್ದೆ. ನಮ್ಮ ಕೊಳವೆಯಲ್ಲೇ ಅದು ನಡೆಯುತ್ತಿದೆ ಎಂದು ಹೊಳೆದಿರಲಿಲ್ಲ.

ಅನುಮಾನ ಇದ್ದರೆ ಸಾಲದು, ಅಳೆಯಬೇಕು. ಅಳೆಯುವ ಯಂತ್ರ ನಮ್ಮಲ್ಲಿಲ್ಲ. ಆಗ ಅಣ್ಣ ನೆನಪಾದ. ನಮ್ಮದು ತಿಕೋಟಾ ಕಡೆ ದ್ರಾಕ್ಷಿ ತೋಟ. ಪ್ರತಿ ವರ್ಷ ಮಣ್ಣು ಪರೀಕ್ಷೆಗೆ ಕೊಡುತ್ತಾನೆ, ವರದಿಯಲ್ಲಿ ಸೋಡಿಯಂ, ಪೊಟ್ಯಾಸಿಯಂ ಎರಡೂ ಇರುತ್ತವೆ. ಹಾಗಾದರೆ ಮಣ್ಣು ಪರೀಕ್ಷೆ ಮಾಡುವಲ್ಲಿ ಫ್ಲೇಮ್ ಫೋಟೋಮೀಟರ್ ಇರಲೇಬೇಕು. ದ್ರಾವಣವನ್ನು ಬೆಂಕಿಗೆ ಸಿಂಪಡಿಸಿ, ಸೋಡಿಯಂ ಕೊಡುವ 589 ನ್ಯಾನೋಮೀಟರಿನ ಹಳದಿ ಬೆಳಕನ್ನು ಅಳೆಯುವ ಸರಳ ಯಂತ್ರ ಅದು.

“ಮಣ್ಣ ಎಲ್ಲೈತ್ರಿ?” ಎಂದು ಕೇಳಿದರು ಅಲ್ಲಿಯವರು, ನಾನು ಕೊಟ್ಟ ಮೂರು ಪ್ಲಾಸ್ಟಿಕ್ ಬಾಟಲಿ ನೋಡಿ.

“ಮಣ್ಣಲ್ರೀ, ಕೊಳವಿ ತೊಳದ ನೀರು. ಸೋಡಿಯಂ ಎಷ್ಟೈತಿ ಅಂತ ನೋಡಿ ಕೊಟ್ರ ಸಾಕು.”

ಮೊದಲ ಬಾಟಲಿ ಬರೀ ಭಟ್ಟಿ ನೀರು: ಜ್ವಾಲೆ ನೀಲಿಯಾಗಿಯೇ ಉಳಿಯಿತು, ಓದು ಶೂನ್ಯದ ಹತ್ತಿರ. ಎರಡನೆಯದು ಕೊಳವೆಯ ಒಳಮೈ ತೊಳೆದ ನೀರು. ಸಣ್ಣ ನಳಿಕೆ ನೀರು ಎಳೆದುಕೊಂಡ ಮರುಕ್ಷಣ ಜ್ವಾಲೆ ಭಗ್ಗನೆ ಅರಿಶಿನ ಬಣ್ಣಕ್ಕೆ ತಿರುಗಿತು. ಅಂಕಿ ಬರುವ ಮೊದಲೇ ನನಗೆ ಗೊತ್ತಾಯಿತು. ಮೂರನೆಯದು ಗ್ರ್ಯಾಫೈಟ್ ಡಬ್ಬಿಯನ್ನು ನೆನೆಹಾಕಿದ ನೀರು. ಅದು ಇನ್ನೂ ಗಾಢ. ಗ್ರ್ಯಾಫೈಟ್ ಮೈತುಂಬ ತೂತು, ಒಮ್ಮೆ ಕುಡಿದದ್ದನ್ನು ಬಿಡುವುದಿಲ್ಲ.

ಅಂದಿನಿಂದ ನಮ್ಮ ಕುಲುಮೆಯ ಪದ್ಧತಿಯೇ ಬದಲಾಯಿತು. ಕೊಳವೆಯನ್ನು ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ, ಆಮೇಲೆ ಮೂರು ಸಲ ಭಟ್ಟಿ ನೀರಿನಲ್ಲಿ ತೊಳೆದು, ಖಾಲಿಯಾಗಿ 800 ಡಿಗ್ರಿಗೆ ಕಾಯಿಸಿದೆವು. ಸೋಡಿಯಂ ಇಲ್ಲದ ಸ್ಯಾಂಪಲ್‌ಗೆ ಹೊಸ ಡಬ್ಬಿ, ಸೋಡಿಯಂದಕ್ಕೆ ಒಂದು, ಪೊಟ್ಯಾಸಿಯಂದಕ್ಕೆ ಇನ್ನೊಂದು. ಕಾಸ್ಟಿಕ್ ಸೋಡಾ ಜಾಗಕ್ಕೆ ಮೈಲುತುತ್ತದ ನೀರು ಬಂತು, ಅದೂ ಸಲ್ಫೈಡನ್ನು ಹಿಡಿದು ಕರ್ರಗಿನ ಕಾಪರ್ ಸಲ್ಫೈಡ್ ಮಾಡಿ ಕೆಳಗಿಳಿಸುತ್ತದೆ. ಕೊಳವೆಗೂ ಆ ಬಾಟಲಿಗೂ ನಡುವೆ ಒಂದು ಖಾಲಿ ಬಾಟಲಿ ಇಟ್ಟೆವು, ನೀರು ಹಿಂದಕ್ಕೆ ಬಂದರೆ ಅಲ್ಲೇ ಬೀಳಲಿ ಅಂತ. ಏಪ್ರಿಲ್ ಆದಮೇಲಿನ ಅಷ್ಟೂ ಸ್ಯಾಂಪಲ್‌ಗಳ ಲೆಕ್ಕವನ್ನು ಪುಸ್ತಕದಲ್ಲಿ ಅಡ್ಡಗೆರೆ ಎಳೆದು ಬಿಟ್ಟೆ. ಇಪ್ಪತ್ತಾರು ಸ್ಯಾಂಪಲ್. ಅವತ್ತು ರಾತ್ರಿ ಊಟ ಸೇರಲಿಲ್ಲ.

ಆದರೆ ಹಳೇ ಮಾತಿಗೆ ಜೀವ ಬಂದದ್ದೂ ಆಮೇಲೆಯೇ. ಶುದ್ಧ ಕೊಳವೆಯಲ್ಲಿ, ಕ್ವಾರ್ಟ್ಜ್ ಮೇಲೆ ಹರಳು 200 ನ್ಯಾನೋಮೀಟರಿನ ಆಸುಪಾಸಿಗೆ ಬಂದು ನಿಂತಿತು. ಈಗ ದ್ರಾವಣಕ್ಕೇ ಉಪ್ಪು, ಅಂದರೆ ಪ್ರಯೋಗಾಲಯದ ಶುದ್ಧ ಸೋಡಿಯಂ ಕ್ಲೋರೈಡ್, ಅಳೆದು ಹಾಕತೊಡಗಿದೆ. ಒಟ್ಟು ಲೋಹದ ಶೇ 0.5, 1, 2, 3. ಶೇ 1 ಎಂದರೆ 10 ಮಿಲಿಲೀಟರ್ ದ್ರಾವಣಕ್ಕೆ ಸುಮಾರು 10 ಮಿಲಿಗ್ರಾಂ, ಉಗುರಿನ ತುದಿಗೆ ಕೂರುವಷ್ಟು. ಅಷ್ಟಕ್ಕೇ ಹರಳು ಮೂರು ನಾಲ್ಕು ಪಟ್ಟು ದೊಡ್ಡದಾಯಿತು. ಸೋಡಿಯಂ ಗಂಧಕದ ಜೊತೆ ಸೇರಿ ಪಾಲಿಸಲ್ಫೈಡ್ ಆಗುತ್ತದೆ. ಅದು ಕುಲುಮೆಯ ಶಾಖಕ್ಕಿಂತ ಬಹಳ ಕೆಳಗೇ ಕರಗಿ ಕಣಗಳ ನಡುವೆ ದ್ರವವಾಗಿ ನಿಲ್ಲುತ್ತದೆ, ಸಣ್ಣ ಕಣಗಳು ಅದರಲ್ಲಿ ಕರಗಿ ದೊಡ್ಡವಕ್ಕೆ ಸೇರಿಕೊಳ್ಳುತ್ತವೆ. ಶೇ 2ರವರೆಗೆ ಬೆಳವಣಿಗೆ ಚೆನ್ನಾಗಿತ್ತು. ಶೇ 3ಕ್ಕೆ ಪದರವನ್ನು ನೀರಿನಲ್ಲಿ ತೊಳೆಯುವಾಗ ಅಂಚು ಎದ್ದು, ಬೆಂದ ರೊಟ್ಟಿಯ ಮೇಲ್ಪದರದ ಹಾಗೆ ಕಳಚಿಕೊಂಡಿತು. ಮೊಲಿಬ್ಡಿನಮ್ ಬಳಿದ ಗಾಜಿನ ಮೇಲಂತೂ ಹಿಡಿತವೇ ಇರಲಿಲ್ಲ. ಸೋಡಾ ಗಾಜು ಬಳಸಿದರೆ ಕೆಳಗಿನಿಂದಲೂ ಸೋಡಿಯಂ ಬರುತ್ತದೆ ಎಂಬುದನ್ನು ಮರೆತು ಶೇ 2 ಹಾಕಿದರೂ ಇದೇ ಗತಿ.

ಇಲ್ಲಿ ನನ್ನನ್ನು ಬಹಳ ದಿನ ಕಾಡಿದ ಪ್ರಶ್ನೆಯೊಂದಿದೆ. ಸೋಡಿಯಂ ಹಾಕಿದಾಗ ಪದರದ ರೋಧ ಮೂರನೇ ಒಂದು ಪಾಲಿಗೆ ಇಳಿಯಿತು. ಹರಳು ದೊಡ್ಡದಾಗಿ ಸಂದುಗಳು ಕಡಿಮೆಯಾದದ್ದಕ್ಕೆ ಇಳಿಯಿತೋ, ಸೋಡಿಯಂ ನೇರವಾಗಿ ರಂಧ್ರಗಳನ್ನು ಹೆಚ್ಚಿಸಿದ್ದಕ್ಕೋ? ಕಾಪರ್ ಸಲ್ಫೈಡ್ ಕೂತಿದ್ದರೂ ರೋಧ ಇಳಿಯುತ್ತದೆ. ಅದಿಲ್ಲ ಎಂದು ರಾಮನ್ ರೋಹಿತದಲ್ಲಿ (ಚದುರಿದ ಲೇಸರ್ ಬೆಳಕಿನಿಂದ ವಸ್ತುವನ್ನು ಗುರುತಿಸುವ ವಿಧಾನ, ಅಳತೆ ಸೆಂ.ಮೀ.⁻¹) ಖಚಿತ ಮಾಡಿಕೊಂಡೆ: ಕೆಸ್ಟರೈಟಿನ 337ರ ಶಿಖರ ಇತ್ತು, ಕಾಪರ್ ಸಲ್ಫೈಡಿನ 475ರದು ಇರಲಿಲ್ಲ. ಉಳಿದ ಎರಡನ್ನು ಬಿಡಿಸಲು ಸಿಐಜಿಎಸ್‌ನವರ ದಾರಿ ಹಿಡಿದೆ. ಮೊದಲು ಸೋಡಿಯಂ ಇಲ್ಲದೆ ಪದರ ಬೆಳೆಸಿ, ಮೇಲೆ ತೆಳು ಉಪ್ಪಿನ ದ್ರಾವಣ ಸವರಿ, ಸಾರಜನಕದಲ್ಲಿ 350 ಡಿಗ್ರಿಗೆ ಕಾಯಿಸಿ ತೊಳೆದೆ. ಹರಳಿನ ಗಾತ್ರ ಇದ್ದಲ್ಲೇ ಇತ್ತು. ರೋಧ ಮಾತ್ರ ಇಳಿಯಿತು, ಮೊದಲಿನಷ್ಟಲ್ಲ, ಅದರ ಅರ್ಧದಷ್ಟು. ಬಿಸಿ ಬೆಸುಗೆ ಕಡ್ಡಿಯ ಮೊನೆಯಿಂದ ಮಾಡುವ ಹಾಟ್ ಪ್ರೋಬ್ ಪರೀಕ್ಷೆಯಲ್ಲಿ ಪದರ ಆಗಲೂ ಈಗಲೂ ಪಿ ಜಾತಿಯದೇ (ವಿದ್ಯುತ್ ಹೊರುವುದು ರಂಧ್ರಗಳೇ). ಅಂದರೆ ಸೋಡಿಯಂ ಎರಡು ಬೇರೆ ಬೇರೆ ಕೆಲಸ ಮಾಡುತ್ತದೆ. ಯಾವುದು ನಡೆಯುತ್ತದೆ ಎನ್ನುವುದು ಅದು ಯಾವ ಹೊತ್ತಿಗೆ ಬಂತು ಎಂಬುದರ ಮೇಲೆ ನಿಂತಿದೆ. ಸಿಐಜಿಎಸ್‌ನಲ್ಲಿ ಪದರ ಬೆಳೆಯುವಾಗಲೇ ಸೋಡಿಯಂ ಹೆಚ್ಚಿದ್ದರೆ ಇಂಡಿಯಂ, ಗ್ಯಾಲಿಯಂ ಬೆರೆಯುವುದಕ್ಕೆ ಅಡ್ಡಿಯಾಗಿ ಹರಳು ಸಣ್ಣದಾಗುತ್ತದೆ. ಅದಕ್ಕೇ ಅವರು ಬೆಳೆದ ಮೇಲೆ ಕೊಡುವುದು. ನನ್ನ ಕೆಸ್ಟರೈಟಿಗೆ ಬೆಳೆಯುವಾಗಲೇ ಬೇಕು. ಒಬ್ಬರ ಅಂಕಿಯನ್ನು ಎತ್ತಿ ಇನ್ನೊಬ್ಬರ ವಸ್ತುವಿಗೆ ಹಚ್ಚಬೇಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಪೊಟ್ಯಾಸಿಯಂ ಸರಣಿ ಮಾಡುತ್ತಿದ್ದ ಮಾರ್ಚ್‌ನಲ್ಲಿ ಊರಿಗೆ ಹೋಗಿದ್ದೆ. ಮಣೂಕದ (ಒಣದ್ರಾಕ್ಷಿಯ) ಶೆಡ್ಡಿನ ಮುಂದೆ ಅಣ್ಣ ದ್ರಾಕ್ಷಿ ಅದ್ದುತ್ತಿದ್ದ. ಆ ತೊಟ್ಟಿಯಲ್ಲಿರುವುದೂ ಕ್ಷಾರ ಲೋಹದ್ದೇ ಲವಣ: ಲೀಟರಿಗೆ 25 ಗ್ರಾಂ ಪೊಟ್ಯಾಸಿಯಂ ಕಾರ್ಬೋನೇಟ್, 15 ಮಿಲಿಲೀಟರ್ ಡಿಪ್ಪಿಂಗ್ ಆಯಿಲ್. ಹಣ್ಣಿನ ಮೇಲಿನ ಮೇಣದ ಪದರ ಸಡಿಲಾಗಿ ನೀರು ಬೇಗ ಹೊರಬೀಳುತ್ತದೆ.

“ನಿಂದೂ ಪೊಟ್ಯಾಶೇ ಏನವ್ವಾ? ಎಷ್ಟೊತ್ತು ಅದ್ದತಿ?” ಎಂದ.

“ಅದ್ದೂದಿಲ್ಲಣ್ಣ, ಮೇಲೆ ಸವರಿ ಕಾಸತೀನಿ.”

“ಹೊತ್ತು ನೋಡಕೋ ಮತ್ತ. ಜಾಸ್ತಿ ಆದ್ರ ಸಿಪ್ಪಿ ಸೀಳಿ ಅಂಟ್ ಅಂಟ್ ಆಗ್ತಾವ.” ವೈನಿ ಪಕ್ಕದಲ್ಲಿ ಮೊಬೈಲಿನಲ್ಲಿ ನಿಮಿಷ ಎಣಿಸುತ್ತ ನಿಂತಿದ್ದರು.

ನನ್ನ ಪೊಟ್ಯಾಸಿಯಂ ಪದರಗಳಲ್ಲಿ ಕಂಡದ್ದು ಬೇರೆಯೇ. ಸೋಡಾ ಗಾಜಿನ ಮೇಲೆ ಪೊಟ್ಯಾಸಿಯಂ ಸವರಿ ಕಾಯಿಸಿ, ಮೇಲ್ಮೈ ತೊಳೆದ ನೀರನ್ನು ಮಣ್ಣು ಪರೀಕ್ಷೆಯವರ ಹತ್ತಿರ ಒಯ್ದರೆ, ನಾನು ಹಾಕದ ಸೋಡಿಯಂ ಅದರಲ್ಲಿತ್ತು. ಸಿಐಜಿಎಸ್‌ನಲ್ಲೂ ಹೀಗೇ: ಪೊಟ್ಯಾಸಿಯಂ ಒಳಹೊಕ್ಕು ಸೋಡಿಯಂ ಅನ್ನು ಹೊರದಬ್ಬುತ್ತದೆ, ಮೇಲೆ ಬಂದ ಸೋಡಿಯಂ ಫ್ಲೋರೈಡನ್ನು ತೊಳೆದು ತೆಗೆಯುತ್ತಾರೆ. ಅಲ್ಲಿ ಪೊಟ್ಯಾಸಿಯಂ ಮೇಲ್ಮೈಯ ತಾಮ್ರವನ್ನು ಕಡಿಮೆ ಮಾಡುವುದರಿಂದ ಅದರ ಮೇಲೆ ಬರುವ ಕ್ಯಾಡ್ಮಿಯಂ ಸಲ್ಫೈಡ್ ಪದರವನ್ನು ಇನ್ನಷ್ಟು ತೆಳ್ಳಗೆ ಬಳಿಯಬಹುದು, ನೀಲಿ ಬೆಳಕು ಅಲ್ಲಿ ಪೋಲಾಗುವುದು ತಪ್ಪುತ್ತದೆ. ನನ್ನ ಕೆಸ್ಟರೈಟಿನಲ್ಲಿ ಅಂಥ ಲಾಭ ಕಂಡಿಲ್ಲ. ನನ್ನ ಪೂರ್ತಿ ಕೋಶಗಳು ಇನ್ನೂ ಶೇ 3 ದಾಟಿಲ್ಲ, ಆದರೆ ಸೋಡಿಯಂ ಶೇ 1ರವು ಉಳಿದೆಲ್ಲವಕ್ಕಿಂತ ವೋಲ್ಟೇಜಿನಲ್ಲಿ ಮುಂದಿವೆ, ಮೂರು ಸಲ ಮಾಡಿದರೂ ಮುಂದಿವೆ. ಆ ‘ಮೂರು ಸಲ’ದ ಮೇಲೆ ನನಗೀಗ ನಂಬಿಕೆ ಇದೆ.

ಈಗ ಲಿಥಿಯಂ ಕೈಗೆತ್ತಿಕೊಂಡಿದ್ದೇನೆ. ಕೆಸ್ಟರೈಟಿನಲ್ಲಿ ಅದು ಸೋಡಿಯಂನಂತೆ ಸಂದುಗಳಲ್ಲಷ್ಟೇ ನಿಲ್ಲದೆ ತಾಮ್ರದ ಜಾಗಕ್ಕೇ ಹೋಗಿ ಕೂರುತ್ತದೆ. ಸೋಡಾ ಗಾಜಿನ ಮೇಲೆ ಮಾಡಿದರೆ ಲಿಥಿಯಂ ಗಾಜಿನೊಳಕ್ಕೆ ಇಳಿದು, ಗಾಜಿನ ಸೋಡಿಯಂ ಮೇಲಕ್ಕೆ ಬರುತ್ತದೆ. ಆದ್ದರಿಂದ ಈ ಸರಣಿಗೆ ನಾಲ್ಕನೇ ಡಬ್ಬಿ ತರಿಸಿದ್ದೇನೆ, ಎಲ್ಲ ಗಾಜಿಗೂ ಸಿಲಿಕಾ ಬಳಿಯುತ್ತಿದ್ದೇನೆ. ಮೊನ್ನೆ ಮಳೆ ಬಿದ್ದ ಮರುದಿನ ಲಿಥಿಯಂ ಕ್ಲೋರೈಡ್ ಬಾಟಲಿ ತೆಗೆದರೆ ಪುಡಿ ನೀರು ಕುಡಿದು ಮುದ್ದೆಯಾಗಿತ್ತು, ಹಾಗೇ ತೂಗಿದ್ದರೆ ಲೆಕ್ಕವೆಲ್ಲ ತಪ್ಪುತ್ತಿತ್ತು. 200 ಡಿಗ್ರಿಯ ಓವನ್ನಿನಲ್ಲಿ ರಾತ್ರಿಯಿಡೀ ಒಣಗಲು ಇಟ್ಟಿದ್ದೇನೆ. ಖಾಲಿ ಕೊಳವೆ ತೊಳೆದ ನೀರಿನ ಬಾಟಲಿ ಬ್ಯಾಗಿನಲ್ಲಿದೆ. ನಾಳೆ ಬೆಳಿಗ್ಗೆ ಮೊದಲು ಅದನ್ನು ಮಣ್ಣು ಪರೀಕ್ಷೆಯವರ ಹತ್ತಿರ ಒಯ್ಯಬೇಕು.